ನಾವಿಟ್ಟ ಹೆಸರು ಇಂಚರ

"ಮೇಡಂ, ಮಗುವಿನ ಹೆಸರು ಸೇರಿಸ್ಬೇಕಿತ್ತು... ಇವತ್ತೇ ಕೊನೇ ದಿನ."

ಜನನ ನೋಂದಣಿ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂತಿದ್ದ ಅವಳು ತಲೆ ಎತ್ತಲಿಲ್ಲ. ಬೆಳಗಿನಿಂದ ಇದು ಎಷ್ಟನೇ ಅರ್ಜಿಯೋ! ಬೆನ್ನು ಬಿದ್ದುಹೋಗಿತ್ತು.

ಆದರೆ ಆ ದನಿ...

ನಾಲ್ಕು ವರ್ಷವಾದರೂ ಕಿವಿ ಮರೆತಿರಲಿಲ್ಲ. ಕಿಟಕಿಯಾಚೆ ಅವನೇ ನಿಂತಿದ್ದ, ಕಿವಿಯ ಮಷಿನ್ ಅಂಗಡಿಯವನು. ಅವನೂ ಸೊರಗಿದ್ದ.

"ಪಕ್ಕದ ಕಿಟಕಿ ಖಾಲಿ ಇದೆಯಲ್ಲ?"

"ನಿನ್ನ ಕಿಟಕಿಗೇ ಬರ್ಬೇಕಿತ್ತು."

ಅರ್ಜಿ ಎಳೆದುಕೊಂಡಳು. ಮಗುವಿನ ಹೆಸರು: ಇಂಚರ.

ಆ ಒಂದು ಪದವನ್ನೇ ಮತ್ತೆ ಓದಿದಳು.

ಆ ಹೆಸರು ಹುಟ್ಟಿದ್ದು ಅವನ ಅಂಗಡಿಯಲ್ಲಿ. ವರ್ಷಗಟ್ಟಲೆ ಕಿವಿ ಕೇಳದಿದ್ದ ಅವಳ ಅಜ್ಜಿಗೆ ಅವನು ಮಷಿನ್ ಹಾಕಿದ ದಿನ, ಹೊರಗೆ ಯಾವುದೋ ಹಕ್ಕಿ ಕೂಗಿತ್ತು. "ಎಷ್ಟು ಕಾಲ ಆಯ್ತೇ ಈ ಇಂಚರ ಕೇಳಿ!" ಎಂದು ಅಜ್ಜಿ ಅತ್ತುಬಿಟ್ಟಿದ್ದರು. ಇಂಚರ ಅಂದರೆ ಇನಿದಾದ ದನಿ. ಅಂದು ಶುರುವಾದ ಪರಿಚಯ ಪ್ರೀತಿಯಾದ ಮೇಲೆ, ಮಗಳು ಹುಟ್ಟಿದರೆ ಅದೇ ಹೆಸರು ಎಂದು ಇಬ್ಬರೂ ಮಾತಾಡಿಕೊಂಡಿದ್ದರು.

"ತಂಗಿ ಮದುವೆ ಆಗ್ಲಿ, ಸ್ವಲ್ಪ ಕಾಯಿ," ಎನ್ನುತ್ತಲೇ ಇದ್ದ ಅವನು. ಕಾದು ಕಾದು ಸಾಕಾಗಿ, ಒಂದು ದಿನ ಅವಳು ಫೋನ್ ಎತ್ತುವುದನ್ನೇ ಬಿಟ್ಟಳು.

ಈಗ ನೋಡಿದರೆ ಮದುವೆಯಾಗಿ, ಮಗುವೂ ಆಗಿ... ಆ ಹೆಸರನ್ನೂ ಇಟ್ಟುಬಿಟ್ಟನಾ!

"ದಾಖಲೆ ಸಾಲ್ದು," ಅರ್ಜಿಯನ್ನು ಹಿಂದಕ್ಕೆ ತಳ್ಳಿದಳು.

"ಎಲ್ಲಾ ಇದ್ಯಲ್ಲ. ಏನು ಸಾಲ್ದು?"

"ಮನಸ್ಸಾಕ್ಷಿ!"

ಅವನು ಅರ್ಜಿಯನ್ನು ಮತ್ತೆ ಅವಳತ್ತ ಸರಿಸಿದ. "ಕೋಪ ಆಮೇಲೆ ಮಾಡ್ಕೋ. ಮೊದ್ಲು ಪೂರ್ತಿ ಓದು."

ಎಲ್ಲ ಕಾಲಂ ನೋಡಿ ಎಂದು ದಿನವಿಡೀ ಜನರಿಗೆ ಗದರುವವಳು, ಒಂದೇ ಕಾಲಂ ಓದಿ ಉರಿದುಬಿದ್ದಿದ್ದಳು! ತಂದೆಯ ಜಾಗದಲ್ಲಿ ಬೇರೆ ಯಾರದೋ ಹೆಸರಿತ್ತು. ಅರ್ಜಿದಾರರ ಸಂಬಂಧ: ಸೋದರಮಾವ.

"ತಂಗಿ ಮಗು. ಇದೇ ಹೆಸರು ಬೇಕು ಅಂತ ಹಟ ಹಿಡಿದಿದ್ದಾಳೆ. ಆದ್ರೆ ಇದ್ರಲ್ಲಿ ಅರ್ಧ ನಿನ್ನದಲ್ವಾ... ನಿನ್ನ ಕೇಳದೆ ಹೇಗೆ ಕೊಡ್ಲಿ? ಕೊನೇ ದಿನದವರೆಗೂ ಇಲ್ಲಿಗೆ ಬರೋಕೆ ಧೈರ್ಯ ಬರಲಿಲ್ಲ. ನೀನು ಬೇಡ ಅಂದ್ರೆ ಬೇರೆ ಹೆಸರು ಬರೀತೀನಿ."

"ನಿನ್ನ ಮದುವೆ?" ಅರ್ಜಿಯಿಂದ ತಲೆ ಎತ್ತಿ ಕೇಳಿದಳು.

"ಕಾಯ್ತಾ ಇದೀನಿ. ನಿನ್ನ ಸರದಿ ಮುಗೀತಲ್ಲ, ಈಗ ನನ್ನದು."

ಅವಳಿಗೆ ಅಳು ಬಂತು. ಅಷ್ಟು ವರ್ಷದ ಆಯಾಸವೆಲ್ಲ ಒಮ್ಮೆಲೇ ಕಣ್ಣಿಗಿಳಿದಂತಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಮೂರಕ್ಷರ ನಮೂದಿಸಿ, ಮೊಹರು ಒತ್ತಿದಳು.

"ಒಂದ್ಸಲ ಸೇರಿಸಿದ್ರೆ ಮುಗೀತು. ವಾಪಸ್ ತಗೊಳ್ಳೋಕಾಗಲ್ಲ."

"ಗೊತ್ತು."

"ಹಾಗಾದ್ರೆ... ನಮ್ಮ ಮಗಳಿಗೆ?"

ಸಾಲಿನಲ್ಲಿ ಹಿಂದಿದ್ದವರು ಗೊಣಗುತ್ತಿದ್ದರು. ಅವನಿಗೆ ಅದು ಕೇಳಿಸಲೇ ಇಲ್ಲ.

"ಇಬ್ರೂ ಕೂತು ಹುಡುಕೋಣ. ಊಟ ಆಯ್ತಾ ನಿಂದು?"

"ಇಲ್ಲ ಕಣೋ... ತುಂಬಾ ಸುಸ್ತು."

"ನಿಧಾನಕ್ಕೆ ಕೆಲಸ ಮುಗಿಸಿ ಬಾ. ಹೊರಗೆ ಕಾಯ್ತಿರ್ತೀನಿ."