ಮಾಳವ್ವನ ಜವಾಬು, ಬೀರಪ್ಪನ ಜೀ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಮೀಸೆ ಮೂಡದ ಕಾಲದಲ್ಲಿ, ಝೇಂಕಾರಪುರವೆಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಸವಾಲ್-ಜವಾಬಿನ ಹಾಡುಗಾರರು ಇಬ್ಬರು. ಮೇಲಿನ ಕಟ್ಟೆಯಲ್ಲಿ ಬೀರಪ್ಪ, ಕೆಳಗಿನ ಕಟ್ಟೆಯಲ್ಲಿ ಮಾಳವ್ವ. ಮಾಳವ್ವ ತನ್ನ ದಪ್ಪಿನ ಚರ್ಮದ ಮೇಲೆ ಒಂದು ಪೆಟ್ಟು ಹಾಕಿದರೆ ಮೂರು ಊರಾಚೆಯ ಗಡಿಗೆಯಲ್ಲಿ ಹಾಲು ಹೆಪ್ಪುಗಟ್ಟುತ್ತಿತ್ತು. ಬೀರಪ್ಪ ಒಂದು ರಾಗ ಎಳೆದರೆ ಆ ಮೊಸರು ತನ್ನಷ್ಟಕ್ಕೆ ಕಡೆದುಕೊಂಡು ಬೆಣ್ಣೆ ತೇಲುತ್ತಿತ್ತು. ಇವರ ಜಗಳ ಎಷ್ಟು ಹೆಸರುವಾಸಿಯೆಂದರೆ, ರಾಜ ಬೀರಪ್ಪನ ಪಕ್ಷ, ರಾಣಿ ಮಾಳವ್ವನ ಪಕ್ಷ. ಇಬ್ಬರ ಸಿಂಹಾಸನದ ನಡುವೆ ಪರದೆ ಇಳಿಬಿಟ್ಟಿದ್ದರು. ಊರಿನ ಕಾಗೆಗಳೂ ಮರ ಹಂಚಿಕೊಂಡಿದ್ದವು.

ಆ ಜಗಳಕ್ಕೂ ಕಟ್ಟಳೆ ಇತ್ತು. ಸವಾಲು ಬಿದ್ದ ಮೇಲೆ ಅದರ ಜವಾಬು ಮುಗಿಯುವತನಕ ದಪ್ಪನ್ನು ಬೇರೆ ಹಾಡಿಗೆ ಮುಟ್ಟುವಂತಿಲ್ಲ. ಸಾಲುಗಳ ಎರಡನೇ ಅಕ್ಷರ ಒಂದಕ್ಕೊಂದು ಕೂಡಬೇಕು. ಜವಾಬು ನಿಜಕ್ಕೂ ನಾಟಿತೆಂದರೆ ಸವಾಲು ಹಾಕಿದವನು ತನ್ನ ಬಾಯಿಂದಲೇ "ಜೀ!" ಅನ್ನಬೇಕು. ಜೀ ಸಿಗದ ನುಡಿ ಎಂಜಲು ನುಡಿ. ಅದನ್ನು ಎರಡನೇ ಸಲ ಬಡಿಸುವಂತಿಲ್ಲ. ಬೀರಪ್ಪ ಮಾಳವ್ವನಿಗೆ ಅದುವರೆಗೆ ಒಮ್ಮೆಯೂ ಜೀ ಅಂದಿರಲಿಲ್ಲ. ಅದೊಂದೇ ಅವಳ ಹೊಟ್ಟೆಯ ಉರಿ.

ಸಂತೆಯ ದಿನ ಬೀರಪ್ಪ ಮೀಸೆ ತಿರುವಿ ಸವಾಲು ಎಸೆದ:

"ತಾಳ ನಿನಗೈತಿ, ಮೇಳ ನಿನಗೈತಿ, ಮಾಳವ್ವ ಒಂದು ಮಾತ ಹೇಳ,
ನಾಳಿ ನಾ ಇಲ್ಲದಿರ ಯಾರನ್ನ ಬೈಯುತ ಕಳೀತಿ ಬಾಳ?"

"ನಾಳಿ ಮಧ್ಯಾಹ್ನ ಕುಂತಿರು, ಹೇಳತೇನಿ!" ಎಂದು ಮಾಳವ್ವ ಮನೆಗೆ ಹೋಗಿ ಮೂರು ನುಡಿ ಕಟ್ಟಿದಳು. ಒಂದಕ್ಕಿಂತ ಒಂದು ಖಾರ. ಬಾಯಲ್ಲಿಟ್ಟುಕೊಂಡು ಮಲಗಿದ್ದಕ್ಕೆ ಬೆಳಿಗ್ಗೆ ನಾಲಿಗೆ ಬೊಬ್ಬೆ ಎದ್ದಿತ್ತು.

ಮಧ್ಯಾಹ್ನ ಬಂದು ನೋಡಿದರೆ ಕಟ್ಟೆಯ ಮೇಲೆ ಬೀರಪ್ಪನ ರುಮಾಲು ಮಾತ್ರ ಇತ್ತು. ರುಮಾಲಿನೊಳಗೊಂದು ಹುಂಜ. ಹುಂಜಕ್ಕೆ ಬೀರಪ್ಪನದೇ ಮೀಸೆ! ಕೊಕ್ಕು ತೆರೆಯುತ್ತಿತ್ತು, ಕೂಗು ಹೊರಡುತ್ತಿರಲಿಲ್ಲ. ಸದ್ದೆಂದರೆ ಮೈಯುರಿಯುವ ಮಾಂತ್ರಿಕ ಗುಮ್ಮನಾಥನ ಕೆಲಸವಿದು. ಬೀರಪ್ಪ ರೊಟ್ಟಿ ಉಂಡು ಬಾಯಿ ತೆರೆದು ಗೊರಕೆ ಹೊಡೆಯುವಾಗ, ಅವನ ದನಿಯನ್ನು ಶಾವಿಗೆಯಂತೆ ಹೊರಗೆಳೆದುಕೊಂಡು ಹೋಗಿದ್ದ. ಗಾಳಿಯಲ್ಲಿ ಅವನ ಪಿಸುಮಾತು ಇನ್ನೂ ಸುಳಿಯುತ್ತಿತ್ತು: "ಒಬ್ಬನ ಗಂಟಲು ಕಿತ್ತೆ, ಇಬ್ಬರ ಬಾಯಿ ಮುಚ್ಚಿತು."

ಹಿಮ್ಮೇಳದ ಚಂದವ್ವ ಕುಣಿದಳು. "ಗೆದ್ದಿ ನೋಡಕ್ಕಾ! ಅವ ಕೋಳಿ ಆದ. ಸಾರಿಗೆ ಮಸಾಲಿ ಅರಿಯಲೇನು?"

ಹುಂಜ ಬೆಚ್ಚಿ ಮಾಳವ್ವನ ಸೀರೆಯ ಹಿಂದೆ ಅಡಗಿತು.

"ಗೆದ್ದಿ ಅಂತ ಯಾರಂದ್ರ?" ಮಾಳವ್ವ ಸೆರಗು ಬಿಗಿದಳು. "ಅವ ಇನ್ನೂ ಜೀ ಅಂದಿಲ್ಲ. ಅನ್ನಿಸದ ನಾ ಬಿಡಾಂಗಿಲ್ಲ. ಅವನ ಗಂಟಲು ಪಾತಾಳದಾಗಿದ್ರೂ ಹೋಗಿ ತರತೇನಿ!"

ಹೆಗಲಿಗೆ ದಪ್ಪು, ಕಂಕುಳಲ್ಲಿ ಹುಂಜ. ಗಾಳಿಯಲ್ಲಿನ ಆ ಪಿಸುಮಾತಿನ ಜಾಡು ಹಿಡಿದು ಹೊರಟೇಬಿಟ್ಟಳು.

ಮೊದಲು ಒಂದು ಹೊಳೆ ಬಂತು. ಹೊಳೆಯಷ್ಟೇ ಅಗಲದ ಮೊಸಳೆಯೊಂದು ಬಾಯಿ ತೆರೆಯಿತು. "ನಕ್ಕು ನೂರು ವರ್ಷ ಆತು. ನಗಸ್ತೀಯೋ, ನುಂಗಲೋ?"

ಮಾಳವ್ವ ಹುಂಜವನ್ನು ನೋಡಿದಳು. ಹಾಡಿದರೆ ನುಡಿ ಎಂಜಲಾಗುತ್ತದೆ, ಹಾಡದಿದ್ದರೆ ಇಬ್ಬರೂ ಎಂಜಲಾಗುತ್ತಾರೆ. ದಪ್ಪು ಬಡಿದಳು.

"ಬೀರಪ್ಪ ಬಾಯಿ ತಗದರ ಊರ ಎಮ್ಮಿ ಹಗ್ಗ ಹರಿದಾವೊ,
ಯಾರ ಕತ್ತೆ ಒದರತದಂತ ದೂರದ ಮಂದಿ ಬಂದಾರೊ!"

ಮೊಸಳೆ ನಕ್ಕಿತು, ನಕ್ಕೂ ನಕ್ಕೂ ಅಂಗಾತ ಬಿತ್ತು. ಅದರ ಹೊಟ್ಟೆಯ ಮೇಲೆಯೇ ನಡೆದು ಮಾಳವ್ವ ಆಚೆ ದಡ ಸೇರಿದಳು. ಒಂದು ನುಡಿ ಹೋಯಿತು.

ಆಮೇಲೆ ಒಂದು ಕಣಿವೆ ಬಂತು. ಅಲ್ಲಿ ಎರಡು ತಲೆಯ ಗಂಡಭೇರುಂಡ ದಾರಿ ಕಟ್ಟಿ ಕೂತಿತ್ತು. ಒಂದು ತಲೆ ಮಲಗಿದರೆ ಇನ್ನೊಂದು ಕಾಯುತ್ತಿತ್ತು. ಮಾಳವ್ವ ಮತ್ತೆ ದಪ್ಪು ಬಡಿದಳು.

"ಮೀಸಿಗಿ ಬೆಣ್ಣಿ ಸವರಿ ಬಂದ, ಬೆಕ್ಕು ಬೆನ್ನ ಹತ್ತೈತೊ,
ಆಸಿಲೆ ನೆಕ್ಕಿದ ಬೆಕ್ಕಿಗೂ ಅವನ ರಾಗದ ರೋಗ ಅಂಟೈತೊ!"

"ಆಹಾ, ಹೆಣ್ಣು ಅಂದ್ರ ಇಕಿ!" ಎಂದಿತು ಎಡದ ತಲೆ.

"ಥೂ! ಬೀರಪ್ಪನ ಕಾಲಿನ ಧೂಳಿಗೂ ಸಮ ಇಲ್ಲ," ಎಂದಿತು ಬಲದ ತಲೆ.

ಎರಡೂ ತಲೆ ಒಂದರ ಜುಟ್ಟನ್ನೊಂದು ಹಿಡಿದು ಜಗ್ಗಾಡುವಾಗ ಮಾಳವ್ವ ಅದರ ಕಾಲಡಿ ನುಸುಳಿ ನಡೆದಳು. ಎರಡನೇ ನುಡಿಯೂ ಹೋಯಿತು.

ಕೊನೆಗೆ ಗುಮ್ಮನಾಥನ ಅರಮನೆ ಬಂತು. ಅಲ್ಲಿ ಗೋಡೆಯೂ ಹತ್ತಿ, ನೆಲವೂ ಹತ್ತಿ, ಕುದುರೆಯ ಗೊರಸೂ ಹತ್ತಿ. ಅಂಗಳದ ನಡುವೆ ಹಗೇವು, ಅಂದರೆ ನೆಲ ತೋಡಿ ಕಾಳು ತುಂಬಿಡುವ ಗುಂಡಿ. ಮಾಂತ್ರಿಕ ಕಾಳನ್ನೆಲ್ಲ ಹೊರಚೆಲ್ಲಿ, ಬರಿದಾದ ಹಗೇವಿನೊಳಗೆ ಬೀರಪ್ಪನ ದನಿಯನ್ನು ದೂಡಿ, ಬಾಯಿಗೆ ಚಪ್ಪಡಿ ಎಳೆದಿದ್ದ.

"ಹಾಡು ತಂಗೀ," ಗುಮ್ಮನಾಥ ಪಿಸುಗುಟ್ಟಿದ. "ಒಳಗಿನ ದನಿ ಜೀ ಅಂದರೆ ಈ ಚಪ್ಪಡಿ ಹಾರುತ್ತದೆ, ನನ್ನ ಮಾಯೆ ಮುಗಿಯುತ್ತದೆ. ಆದರೆ ನಿನ್ನ ಬೈಗುಳಕ್ಕೆ ಅವನು ಯಾವತ್ತಾದರೂ ಜೀ ಅಂದಿದ್ದಾನೆಯೇ?"

ಮಾಳವ್ವ ಹಲ್ಲು ಕಚ್ಚಿ ಕೊನೆಯ ನುಡಿ ಬಿಟ್ಟಳು.

"ಕೋಳಿಗಿಂತ ಮೊದಲ ಎದ್ದು ಬೀರ ರಾಗ ಎಳದಾನೊ,
ಕೋಣ ನಾಚಿ ನೀರಿಗಿಳಿದು ಕಿವಿ ಮುಚಗೊಂಡು ಕುಂತೈತೊ!"

ಹತ್ತಿ ಆ ಹಾಡನ್ನು ಗುಟುಕ್ಕನೆ ನುಂಗಿತು. ಹಗೇವು ಕಮಕ್ ಅನ್ನಲಿಲ್ಲ. ಹುಂಜವಂತೂ ಕಂಕುಳಿಂದ ಕೆಳಗೆ ಹಾರಿ ಅವಳ ಕಾಲಿನ ಹೆಬ್ಬೆರಳನ್ನು ಜೋರಾಗಿ ಕುಕ್ಕಿತು.

ಮಾಂತ್ರಿಕ ಅವಳ ಬಾಯಿಗೆ ತುರುಕಲು ಹತ್ತಿಯ ಉಂಡೆ ಕಟ್ಟತೊಡಗಿದ. ಮಾಳವ್ವ ಬರಿದಾದ ಹಗೇವನ್ನೇ ದಿಟ್ಟಿಸಿದಳು. ಹಗೇವು. ಹಗೆ. ನಾಲಿಗೆಯ ಮೇಲೆ ಎರಡೂ ಒಂದೇ ಜಾಗದಲ್ಲಿ ಕೂತಿದ್ದವು. ಬೀರಪ್ಪ ಕೇಳಿದ್ದು ಬೈಗುಳವಲ್ಲ, ಪ್ರಶ್ನೆ. ತಾನು ಮೂರು ನುಡಿ ಬೈದಳೇ ಹೊರತು ಅದಕ್ಕೆ ಉತ್ತರ ಕೊಟ್ಟಿರಲಿಲ್ಲ. ಉತ್ತರ ಗೊತ್ತಿತ್ತು. ಹೇಳಲು ನಾಚಿಕೆ. ನಾಚಿಕೆಯನ್ನು ಉಗುಳಿನ ಜೊತೆ ನುಂಗಿ ದಪ್ಪು ಎತ್ತಿದಳು.

"ಕೇಳ ಬೀರಾ, ಹಟವ ಬಿಟ್ಟು ಮಾಳಿ ನಿಜವ ಹಾಡ್ಯಾಳೊ,
ನಾಳಿ ನೀನೆಂಬ ಹಗೆಯಿಲ್ಲದ ಬಾಳ ಕಾಳಿಲ್ಲದ ಹಗೇವೊ."

ಆಮೇಲೆ ನೆಲದಾಳದಿಂದ ಬಂತು ನೋಡಿ:

"ಜೀ...!"

ಚಪ್ಪಡಿ ಹಾರಿ ಮೋಡಕ್ಕೆ ಬಡಿಯಿತು. ಅರಮನೆಯ ಹತ್ತಿಯೆಲ್ಲ ಚಿಂದಿಯಾಗಿ ಏಳು ಸೀಮೆಗೆ ಹಾರಿತು. ಆ ಸದ್ದಿಗೆ ಗುಮ್ಮನಾಥ ಮುದುಡಿ ಮುದುಡಿ ಒಂದು ಹತ್ತಿಯ ಉಂಡೆಯಾಗಿ ಉರುಳಿದ. ಹುಂಜದ ಜಾಗದಲ್ಲಿ ಬೀರಪ್ಪ ನಿಂತಿದ್ದ, ನೆತ್ತಿಯ ಮೇಲೆ ಕೆಂಪು ಜುಟ್ಟೊಂದು ಉಳಿದಿತ್ತು.

ಅವನ ಕಣ್ಣು ತುಂಬಿದ್ದವು. ಗಂಟಲು ಸರಿಪಡಿಸಿಕೊಂಡು ಮೊದಲ ಮಾತಾಡಿದ: "ಮಾಳೀ, ಮೂರನೇ ನುಡಿಯಾಗ ಪ್ರಾಸ ತಪ್ಪಿದ್ಯಲ್ಲ. 'ಕೋಳಿ' ಅಂದ ಮ್ಯಾಲೆ 'ಕೋಣ' ಹೆಂಗ ಬಂತು?"

"ಅದಕ್ಕ ಕುಕ್ಕಿದೇನು?"

"ಮತ್ತ? ಕಾಲಿಗಾದ್ರೂ ತಿಳೀಲಿ ಅಂತ."

"ನಡಿಯಲೇ ಜುಟ್ಟಿನ ಹುಂಜಾ! ಊರಿಗೆ ಹೋಗಿ ಮೊದಲನೇ ಸವಾಲು ನನ್ನದು."

ಮರುಸಂತೆಗೆ ರಾಜ ರಾಣಿ ನಡುವಿನ ಪರದೆಯನ್ನು ತಾವೇ ಕಿತ್ತು ಹಾಸಿಕೊಂಡು ಕೂತು ಹಾಡು ಕೇಳಿದರು. ಮಾಂತ್ರಿಕನ ಉಂಡೆಯನ್ನು ಚಂದವ್ವ ತನ್ನ ದಿಂಬಿಗೆ ತುಂಬಿಕೊಂಡಳು. ಅದರ ಮೇಲೆ ತಲೆಯಿಟ್ಟರೆ ಎಂಥ ಗದ್ದಲದಲ್ಲೂ ನಿದ್ದೆ. ಮಾಳವ್ವ ಬೈದಳು, ಬೀರಪ್ಪ ಬೈದ. ಝೇಂಕಾರಪುರದ ಹಾಲು ಹೆಪ್ಪಾಯಿತು, ಮೊಸರು ಬೆಣ್ಣೆಯಾಯಿತು, ಹಗೇವುಗಳೆಲ್ಲ ಕಾಳಿನಿಂದ ತುಂಬಿದವು, ಮತ್ತು ಆ ಹಗೆ ಸುಖವಾಗಿ ನೂರು ಕಾಲ ಬಾಳಿತು.