ನಕ್ಷೆಗೆ ಬೇಡವಾದ ಕಲ್ಲುಗಳು

ಕಪ್ಪು ಬಂಡೆಯ ಬುಡದಲ್ಲಿ ನರೆತಲೆಯ ಹೋಮರ್ ಸ್ಯಾಂಪ್ಸನ್ ಬೋರಲಾಗಿ ಬಿದ್ದಿದ್ದ. ಸರ್ವೆಯರ್. ಈ ಬುಡಕಟ್ಟಿನ ಮೀಸಲು ಸೀಮೆಯನ್ನೆಲ್ಲ ಅಳೆದವನು. ಮೇಲೆ, ಬಂಡೆಯ ಅಂಚಿನಲ್ಲಿ, ಅವನ ಅಳತೆಯಂತ್ರ ಮೂರು ಕಾಲಿನ ಮೇಲೆ ಹಾಗೇ ನಿಂತಿತ್ತು.

"ಹಿಂದೆ ಸರಿಯೋಕೆ ಹೋಗಿ ಜಾರಿದಾನೆ," ಎಂದ ಲೀಲ್ಯಾಂಡ್, ಬುಡಕಟ್ಟು ಸರ್ಕಾರದ ಜಮೀನು ಕಚೇರಿಯವನು. ನಿನ್ನೆ ಸಂಜೆ ನಕ್ಷೆ ತರುತ್ತೇನೆಂದಿದ್ದ ಹೋಮರ್ ಬಂದಿರಲಿಲ್ಲ. ಬೆಳಿಗ್ಗೆ ಹುಡುಕಿಕೊಂಡು ಬಂದ ಲೀಲ್ಯಾಂಡ್‌ಗೆ ಹೆಣ ಕಂಡಿತ್ತು.

ಡೆಲ್ಫೀನ್ ಬಂಡೆ ಹತ್ತಿ ಯಂತ್ರದ ಬಳಿ ಬಂದಳು. ಬುಡಕಟ್ಟು ಪೊಲೀಸಿನಲ್ಲಿ ಕೂದಲು ನರೆಸಿಕೊಂಡವಳು. ಇಲ್ಲಿ ಅವಳು ನೋಡುವ ಪ್ರತಿ ಹೆಣವೂ ಪರಿಚಯದವರದೇ. ಅದೇ ದಣಿವು.

ಯಂತ್ರದ ಗಾಜಿಗೆ ಕಣ್ಣಿಡಲು ಹೋದಳು. ಎಟುಕಲಿಲ್ಲ. ತುದಿಗಾಲಲ್ಲಿ ನಿಲ್ಲಬೇಕಾಯಿತು. ಹೋಮರ್ ಅವಳ ಭುಜಕ್ಕೆ ಬರುತ್ತಿದ್ದ ಆಳು.

ಬಗ್ಗಿ ನೋಡಿದಳು. ಯಂತ್ರದಡಿ ತೂಗುಗುಂಡು ನೇತಾಡುತ್ತಿತ್ತು. ಅದರ ಕೆಳಗೆ ಗೂಟವಿಲ್ಲ, ಮೊಳೆಯಿಲ್ಲ. ಬರೀ ಬಂಡೆ. ಕಾಲುಗಳ ಕಬ್ಬಿಣದ ತುದಿಗೆ ಬೂದು ಜೇಡಿಮಣ್ಣು ಅಂಟಿತ್ತು.

"ಯಾರ ಜಮೀನು ಅಳೀತಿದ್ದ?"

"ವರ್ನನ್, ಲವೀನಾದು. ಅವರಮ್ಮನ ಜಮೀನು, ಅಣ್ಣತಂಗಿಗೆ ಎರಡು ಪಾಲು. ವರ್ನನ್‌ಗೆ ಸುತಾರಾಂ ಇಷ್ಟ ಇರ್ಲಿಲ್ಲ. ಹೋದ ವಾರ ಕಚೇರಿಗೇ ಬಂದು ಕೂಗಾಡಿದ. ಆ ನೆಲಕ್ಕೆ ಗೂಟ ಹೊಡೆದ್ರೆ ನಿನ್ನನ್ನೂ ಅಲ್ಲೇ ಹೂಳ್ತೀನಿ ಅಂತ ಹೋಮರ್‌ಗೆ ಹೇಳಿದ."

"ನಕ್ಷೇಲಿ ಏನೇನು ತೋರಿಸ್ಬೇಕು?"

"ನಿಂಗೆ ಗೊತ್ತಿಲ್ದೇ ಇರೋದಾ? ಗಡಿ, ದಾರಿ, ಮನೆ, ನೀರಿನ ಊಟೆ, ಸಮಾಧಿ. ಸಮಾಧಿ ಸುತ್ತ ನೂರಡಿ ಯಾರೂ ಮನೆ ಕಟ್ಟೋ ಹಾಗಿಲ್ಲ. ಒಂದು ಬಿಟ್ರೂ ನಾನು ಸಹಿ ಹಾಕಲ್ಲ."

ಗೊತ್ತಿತ್ತು. ಬುಡಕಟ್ಟಿನ ಮಹಾಸಭೆಯಲ್ಲಿ ಆ ನಿಯಮಕ್ಕೆ ಅವಳೂ ಕೈ ಎತ್ತಿದ್ದಳು.

* * *

ವರ್ನನ್ ಅಂಗಳದಲ್ಲಿ ಸಾಲ್ಮನ್ ಮೀನು ಸೀಳಿ ಒಣಹಾಕುತ್ತಿದ್ದ. ಗಿಡ್ಡ ಆಳು, ಕುಂಟುಗಾಲು. ಅವನ ಪಿಕಪ್ ಚಕ್ರ ಬಿಚ್ಚಿಸಿಕೊಂಡು ಇಟ್ಟಿಗೆಯ ಮೇಲೆ ಕೂತಿತ್ತು. ಸುತ್ತ ಹುಲ್ಲು ಬೆಳೆದಿತ್ತು.

"ಬೇಡಿ ತಂದಿದೀಯಾ?"

"ಮೊದ್ಲು ಕಾಫಿ ಕೊಡಣ್ಣ. ಬೇಡಿ ಆಮೇಲೆ."

ಕೊಟ್ಟ. ಇಬ್ಬರೂ ಕುಡಿದರು.

"ಹೋಮರ್‌ನ ಬೆದರಿಸಿದ್ದು ನಿಜಾನಾ?"

"ನಿಜ. ಆ ನೆಲ ಕೆದಕಬಾರ್ದು."

"ಯಾಕೆ?"

ಅವನು ಮೀನಿನ ಕಡೆ ತಿರುಗಿದ. "ಸತ್ತೋರ ಹೆಸರು ಬಾಯಿಗೆ ತರಬಾರ್ದು ಅಂತ ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?"

* * *

ಆ ಜಮೀನಿನಲ್ಲಿ ಜೇಡಿಯಿದ್ದದ್ದು ಒಂದೇ ಕಡೆ, ಊಟೆಯ ಹತ್ತಿರ. ಡೆಲ್ಫೀನ್ ಅಲ್ಲಿಗೆ ನಡೆದಳು.

ಒದ್ದೆ ನೆಲದಲ್ಲಿ ಮೂರು ಚುಚ್ಚುಗುರುತು. ನಡುವೆ ಹೊಸ ಗೂಟ, ತಲೆಯಲ್ಲಿ ಮೊಳೆ. ಹೋಮರ್ ನಿಂತು ಅಳೆದದ್ದು ಇಲ್ಲಿ. ಪಕ್ಕದಲ್ಲಿ ಗಾಡಿ ಹಿಂದಕ್ಕೆ ತಂದ ಜಾಡು. ಸೇಜ್ ಪೊದೆಗಳೊಳಗೆ ಎಸೆದುಬಿಟ್ಟ ದುಂಡು ಕಲ್ಲುಗಳು. ಹೊಳೆಯ ಕಲ್ಲುಗಳು; ಈ ಗುಡ್ಡಕ್ಕೆ ಯಾರೋ ಹೊತ್ತು ತಂದವು. ಒಂದರ ಮೇಲೆ ಕಂದು ಕಲೆ, ಎರಡೆಳೆ ನರೆಗೂದಲು.

ಆಚೆ ಲವೀನಾಳ ಟ್ರೇಲರ್ ಮನೆ. ಒಡೆದ ಕಿಟಕಿಗೆ ಪ್ಲಾಸ್ಟಿಕ್ ಹಾಳೆ. ತಂತಿಯ ತುಂಬ ಮೊಮ್ಮಕ್ಕಳ ಬಟ್ಟೆ. ಬಾಗಿಲಲ್ಲಿ ಪಿಕಪ್. ಚಕ್ರದ ಸಂದಿಯಲ್ಲಿ ಬೂದು ಜೇಡಿ.

ಡೆಲ್ಫೀನ್ ಒಂದು ಬಂಡೆಯ ಮೇಲೆ ಕುಕ್ಕರಿಸಿದಳು. ಎದ್ದು ಬಾಗಿಲು ತಟ್ಟುವ ಮನಸ್ಸು ಬೇಗ ಬರಲಿಲ್ಲ.

* * *

ಮಧ್ಯಾಹ್ನ ಅಣ್ಣ, ತಂಗಿ ಇಬ್ಬರನ್ನೂ ಬಂಡೆಯ ಮೇಲೆ ಕರೆಸಿದಳು. ಮೀಸಲು ಸೀಮೆಯಲ್ಲಿ ಕೊಲೆಯಾದರೆ ಫೆಡರಲ್ ಸರ್ಕಾರದ ತನಿಖೆಯವರು ಬರಲೇಬೇಕು. ಅವರು ನಗರದಿಂದ ಹೊರಟಾಗಿತ್ತು.

"ವರ್ನಣ್ಣ, ಈ ಗಾಜಿನಲ್ಲಿ ನೋಡು."

ಅವನು ಕತ್ತು ಚಾಚಿದ. "ಏಣಿ ಕೊಡ್ತೀಯಾ?"

"ಲವೀನಾ, ನೀನು."

ಲವೀನಾ ಕದಲಲಿಲ್ಲ. ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಅವಳಷ್ಟು ಎತ್ತರದವರು ಇನ್ನೊಬ್ಬರಿರಲಿಲ್ಲ. ಅವಳ ಕೈಗೆ ಚೆಂಡು ಕೊಡುತ್ತಿದ್ದವಳು ಡೆಲ್ಫೀನ್. ಈಗ ಗಾಜು ಲವೀನಾಳ ಕಣ್ಣಿನ ಮಟ್ಟಕ್ಕೇ ಇತ್ತು.

"ಬೇಡ ಕಣೇ," ಎಂದಳು ಲವೀನಾ.

"ಹೋಮರ್ ನಿಲ್ಲಿಸಿದ್ರೆ ಅವನ ಕಣ್ಣಿಗೆ ನಿಲ್ಲಿಸ್ತಿದ್ದ," ಎಂದಳು ಡೆಲ್ಫೀನ್. "ಕೆಳಗೆ ಗುರುತಿಲ್ದೇ ಯಂತ್ರ ಇಡೋನಲ್ಲ ಅವನು. ಕಾಲಿಗೆ ಊಟೆ ಹತ್ರದ ಜೇಡಿ ಬೇರೆ. ಅಣ್ಣನ ಗಾಡಿಗೆ ಚಕ್ರಾನೇ ಇಲ್ಲ, ಕುಂಟುಗಾಲಲ್ಲಿ ಹೆಣ ಹೊತ್ತು ಬರೋಕೂ ಆಗಲ್ಲ. ನೀನು ಗಾಡೀಲಿ ತಂದೆ. ಜಾರಿಬಿದ್ದ ಅಂತ ಕಾಣ್ಲಿ ಅಂತ ಯಂತ್ರ ನಿಲ್ಲಿಸ್ದೆ. ಯೋಚನೆ ಮಾಡ್ದೇ ನಿನ್ನೆತ್ತರಕ್ಕೆ ನಿಲ್ಲಿಸ್ದೆ."

ಲವೀನಾ ನೆಲದ ಮೇಲೆ ಕೂತಳು.

"ಒಂಬತ್ತು ವರ್ಷ ಆಯ್ತು ಮನೆಗೆ ಅರ್ಜಿ ಹಾಕಿ. ನನ್ನ ಪಾಲಲ್ಲಿ ಸಮತಟ್ಟಾಗಿರೋದು ಅದೊಂದೇ ತುಂಡು. ಹೋಮರ್ ಬಂದು, ಇವು ಸಮಾಧಿ ಕಲ್ಲು, ನಕ್ಷೇಲಿ ಹಾಕ್ಲೇಬೇಕು ಅಂದ. ಬಿಟ್ಬಿಡೋ ಅಂದೆ. ಬೇಡ್ಕೊಂಡೆ. ಆಗಲ್ಲಕ್ಕ ಅಂದ. ಕಲ್ಲನ್ನ ಎತ್ತಿ ಎತ್ತಿ ಎಸೆದೆ. ಅಡ್ಡ ಬಂದ. ತಳ್ಳಿದೆ. ಅಷ್ಟೇ ಡೆಲ್ಫಿ, ತಳ್ಳಿದ್ದು ಅಷ್ಟೇ. ತಲೆ ಕಲ್ಲಿಗೆ ಬಿತ್ತು."

"ಆಗ ಫೋನ್ ಮಾಡಿದ್ರೆ ಅದು ಅಪಘಾತ ಆಗ್ತಿತ್ತು."

"ಮೊಮ್ಮಕ್ಕಳನ್ನ ಸರ್ಕಾರದೋರು ಕಿತ್ಕೊಂಡು ಹೋಗ್ತಿದ್ರು."

ವರ್ನನ್ ಕುಂಟುತ್ತ ತಂಗಿಯ ಹತ್ತಿರ ಬಂದ.

"ಅಮ್ಮನ ಅವಳಿಜವಳಿ ಕೂಸುಗಳ ಸಮಾಧಿ ಅದು. ನಿನಗಿಂತ ಮುಂಚೆ ಹುಟ್ಟಿ ಹೋದವು. ಹೊಳೆಯಿಂದ ಕಲ್ಲು ಹೊತ್ತವನು ನಾನೇ."

ಲವೀನಾ ಅವನನ್ನೇ ನೋಡಿದಳು. "ಯಾಕೆ ಹೇಳ್ಲಿಲ್ಲ?"

"ಹೇಳಬಾರ್ದು ಅಂತ ಅಮ್ಮ ಹೇಳಿದ್ಲು."

ಕೆಳಗೆ ರಸ್ತೆಯಲ್ಲಿ ಧೂಳೆದ್ದಿತು. ಫೆಡರಲ್‌ನವರ ಗಾಡಿ.

"ಕಲ್ಲು ವಾಪಸ್ ಇಟ್ಟು ಬರ್ಲಾ?" ಎಂದು ಕೇಳಿದಳು ಲವೀನಾ.

"ಈಗ ಅವು ಸಾಕ್ಷಿ. ಮುಟ್ಟೋ ಹಾಗಿಲ್ಲ," ಎಂದಳು ಡೆಲ್ಫೀನ್. ಅವಳೇ ಕೈಕೊಟ್ಟು ಎಬ್ಬಿಸಿದಳು. ಬೇಡಿ ಹಾಕುವಾಗ ಲವೀನಾ ಎರಡೂ ಕೈ ತಾನಾಗಿ ಮುಂದೆ ಮಾಡಿದಳು.

ವರ್ನನ್ ಟೋಪಿ ತೆಗೆದು ಹಣೆಯೊರೆಸಿಕೊಂಡ.

"ಮಕ್ಕಳ ಶಾಲೆ ಬಸ್ಸು ಎಲ್ಲಿ ನಿಲ್ಲುತ್ತೆ?" ಎಂದು ತಂಗಿಯನ್ನು ಕೇಳಿದ.