ಕಣ್ಣಾರೆ ಕಂಡದ್ದು

"ನೀವಾ ಧೈರ್ಯಶೀಲ ಜಾಧವ?"

ಸಾತಾರಾ ಬಸ್ಸಿನಿಂದ ಕಪ್ಪು ಟ್ರಂಕು ಇಳಿಸುತ್ತಿದ್ದವನು ತಿರುಗಿ ನೋಡಿದ. ಎದುರಿಗೆ ಪ್ರಾಜಕ್ತಾ. ಕಣ್ಣಲ್ಲಿ ಕೆಂಡ!

"ಹೌದ್ರಿ... ನೀವು?"

"ವಿಶ್ವಜಿತನ ತಂಗಿ. ನಮ್ಮ ದಾದಾನ ಪದಕಕ್ಕ ಅಡ್ಡಗಾಲು ಹಾಕಿದವರ ಮುಖ ಒಮ್ಮೆ ನೋಡಬೇಕಿತ್ತು. ಹೆಸರಿಗೆ ಧೈರ್ಯಶೀಲ! ಒಂದು ಸಹಿ ಹಾಕಾಕ ಧೈರ್ಯ ಇಲ್ಲ!"

ಕಟ್ಟೆಯ ಮೇಲಿದ್ದ ನಿವೃತ್ತ ಸುಬೇದಾರರು ತಂಬಾಕು ತಿಕ್ಕುವುದನ್ನೇ ಮರೆತರು.

ಅವನು ಟ್ರಂಕು ಹೆಗಲಿಗೇರಿಸಿ, "ನಿಮ್ಮ ಆಯಿನ್ನ ನೋಡಬೇಕಿತ್ತು. ಮನಿ ತೋರಸ್ತೀರಾ?" ಎಂದ.

ಎಂಥ ಭಂಡ!

ಆದರೆ ಅವಳ ಸಿಟ್ಟಿಗೂ ಕಾರಣವಿತ್ತು. ನಮ್ಮೂರಲ್ಲಿ ಮನೆಗೊಬ್ಬ ಫೌಜಿ. ಯಾರ ಗೋಡೆಯ ಮೇಲೆ ಯಾವ ಪದಕವಿದೆ ಎಂದು ಮಕ್ಕಳೂ ಹೇಳುತ್ತಾರೆ. ಹತ್ತು ತಿಂಗಳ ಹಿಂದೆ ಲಡಾಖಿನಲ್ಲಿ ಗಸ್ತಿಗೆ ಹೋದ ವಿಶ್ವಜಿತ, ಧೈರ್ಯಶೀಲ ಇಬ್ಬರೂ ಹಿಮಗಾಳಿಗೆ ಸಿಕ್ಕರು. ಬದುಕಿ ಬಂದವನು ಇವನೊಬ್ಬನೇ. ವಿಶ್ವಜಿತನ ಹೆಸರನ್ನು ಪದಕಕ್ಕೆ ಬರೆದು ಕಳಿಸಿದರೆ, ಸೇನೆಯ ಸಾಹೇಬರು ಕಣ್ಣಾರೆ ಕಂಡವರ ಸಾಕ್ಷಿ ಬೇಕೆಂದರು. ಇವನು 'ನಾನು ನೋಡಿಲ್ಲ' ಎಂದು ಬರೆದುಕೊಟ್ಟ. ಅಲ್ಲಿಗೆ ಕಾಗದ ವಾಪಸ್ಸು!

ಅಂದಿನಿಂದ ಬಾವಿಕಟ್ಟೆಯಲ್ಲಿ ಒಂದೇ ಪಿಸುಮಾತು. "ಪದಕ ಇಲ್ಲ ಅಂದ್ರ ಏನರ್ಥ? ಚಳಿಗೆ ಮಲಗಿದಲ್ಲೇ ಹೋಗಿರಬೇಕು ಪಾಪ."

ಆ 'ಪಾಪ' ಪ್ರಾಜಕ್ತಾಳ ಎದೆಗೆ ನಾಟಿತ್ತು. ಅಣ್ಣ ಸುಮ್ಮನೆ ಸತ್ತನೇ? ಅವಳಿಗೆ ಬೇಕಿದ್ದದ್ದು ಇದಕ್ಕೊಂದು ಉತ್ತರ.

ಮನೆಯಲ್ಲಿ ಹೆತ್ತ ಆಯಿ ಮಾತ್ರ ಒಂದು ಮಾತೂ ಕೇಳಲಿಲ್ಲ. "ಉಣ್ಣು ಬಾಳಾ," ಎಂದು ಮಗನಿಗೆಂಬಂತೆ ಹೇಳಿ ಜೋಳದ ಭಾಕರಿ, ಹಸಿಮೆಣಸಿನ ಠೇಚಾ ಮುಂದಿಟ್ಟಳು. ಅವನು ತಲೆ ತಗ್ಗಿಸಿ ಉಂಡ.

ಅವನ ಊರು ಎಂಟು ಮೈಲಿ ದೂರ. ರಜೆಯಲ್ಲಿ ದಿನಬಿಟ್ಟು ದಿನ ಬಂದ. ಈರುಳ್ಳಿ ಕಿತ್ತ, ಕೊಟ್ಟಿಗೆಯ ಹೆಂಚು ಹೊದಿಸಿದ, ಆಯಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ. ಪ್ರಾಜಕ್ತಾ ಮೊದಲ ವಾರ ಮುಖ ತಿರುಗಿಸಿದಳು. ಎರಡನೇ ವಾರ ನೀರು ಕೊಟ್ಟಳು. ಮೂರನೇ ವಾರ... ಅವನ ಬೈಕಿನ ಸದ್ದಿಗೆ ಕನ್ನಡಿ ನೋಡತೊಡಗಿದಳು!

'ಛೇ, ನನಗೇನಾಗ್ಯದ? ಇವನ ಮ್ಯಾಲ ಸಿಟ್ಟಿರಬೇಕಲ್ಲ ನನಗ?'

ರಜೆ ಮುಗಿಯುವ ಹಿಂದಿನ ದಿನ ಅವನೊಂದು ಕಾಗದ ಚಾಚಿದ.

"ತಗೋರಿ. ಸಹಿ ಹಾಕೀನಿ."

'ವಿಶ್ವಜಿತ್ ತನ್ನ ಕೋಟು ಬಿಚ್ಚಿ ನನಗೆ ಹೊದಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ...' ಅವಳು ಎರಡೆರಡು ಸಲ ಓದಿದಳು.

"ಇದು... ಖರೇನಾ?"

"ಕೋಟು ಖರೇ. ಕಂಡೆ ಅನ್ನೋದು ಸುಳ್ಳು. ನನಗ ಎಚ್ಚರ ತಪ್ಪಿತ್ತು. ಕಣ್ಣು ಬಿಟ್ಟಾಗ ನನ್ನ ಮ್ಯಾಲ ಎರಡು ಕೋಟಿದ್ವು. ಅವ ಹತ್ತು ಹೆಜ್ಜಿ ದೂರ... ಬರೇ ಸ್ವೆಟರಿನ್ಯಾಗ ಬಿದ್ದಿದ್ದ."

"ಇಷ್ಟು ದಿನ ಯಾಕ ಹೇಳಲಿಲ್ಲ?"

"ಸಾಹೇಬ್ರಿಗೆ ಹೇಳಿದ್ನಿ. ಚಳಿ ತಲೀಗೇರಿದ್ರ ಮನಷ್ಯಾ ತಾನ ಬಟ್ಟಿ ಬಿಚ್ಚಿ ಎಸೀತಾನ ಅಂದ್ರು. ಹೊದಿಸಿದ್ದು ನೋಡೀಯೇನು ಅಂತ ಕೇಳಿದ್ರು. ನೋಡಿರಲಿಲ್ಲ. ಇನ್ನ ಆಯಿಗೆ... ನಿಮ್ಮ ಮಗನ ಕೋಟು ಹೊದ್ದು ನಾ ಬದುಕೀನಿ ಅಂತ ಯಾವ ಬಾಯಿಲೆ ಹೇಳ್ಲಿ?"

"ಮತ್ತ ಇವತ್ತ್ಯಾಕ ಸುಳ್ಳು ಬರದ್ರಿ?"

"ನೀವು ಒಳಗೊಳಗ ಕೊರಗೋದು ನೋಡಾಕ ಆಗವಲ್ದು, ಪ್ರಾಜಕ್ತಾ."

ಹೊಸ್ತಿಲಲ್ಲಿ ಆಯಿ ನಿಂತಿದ್ದಳು. ಎಲ್ಲವೂ ಕಿವಿಗೆ ಬಿದ್ದಿತ್ತು. ಅವಳು ಬಂದು ಅವನ ತಲೆ ಸವರಿದಳು.

"ಸಣ್ಣಾಂವ ಇದ್ದಾಗ ತನ್ನ ಕೌದಿ ತಂಗಿಗೆ ಹೊದಿಸಿ, ತಾ ಚಳಿಯಾಗ ಮುದುಡಿ ಮಲಗಾಂವ. ಬೈದ್ರೂ ಕೇಳ್ತಿದ್ದಿಲ್ಲ. ಅದನ್ನ ನಾ ಕಣ್ಣಾರೆ ಕಂಡೀನಿ, ಬಾಳಾ. ಕೋಟು ಹೊದಿಸಿದಾಂವ ನನ್ನ ಮಗನ!"

ಪ್ರಾಜಕ್ತಾ ಬಿಕ್ಕಿ ಬಿಕ್ಕಿ ಅತ್ತಳು. ಹತ್ತು ತಿಂಗಳ ಅಳು ಅದು. ಅಣ್ಣ ಸುಮ್ಮನೆ ಸತ್ತಿರಲಿಲ್ಲ! ಆಮೇಲೆ ಆ ಕಾಗದವನ್ನು ಹರಿದು ಹಾಕಿದಳು.

"ಅಯ್ಯೋ! ಇನ್ನ ಪದಕ ಬರಂಗಿಲ್ರಿ..."

"ದಾದಾ ಖರೇ ಕೆಲಸ ಮಾಡ್ಯಾನ. ಅದಕ್ಕ ಸುಳ್ಳು ಸಾಕ್ಷಿ ಯಾಕ? ಬಾವಿಕಟ್ಟಿಯವ್ರಿಗೆ ನಾನ ಹೇಳ್ತೀನಿ. ಮತ್ತ... ಇನ್ನೊಮ್ಮೆ ಸುಳ್ಳು ಬರೀಬ್ಯಾಡ್ರಿ. ನಾ ಮನಸು ಕೊಟ್ಟದ್ದು ಖರೇ ಹೇಳೋ ಮನಷ್ಯಾಗ."

ಆಡಿಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಳು. ಆಯಿ ಕೆಮ್ಮುತ್ತ ಒಳಗೆ ಹೋದಳು.

ಅವನ ಕಣ್ಣು ತುಂಬಿತು. "ನನಗೂ ಆಸೆ ಅದ. ಆದ್ರ ನಿಮ್ಮಣ್ಣನ ಜೀವ ತಗೊಂಡು ಬದುಕಿದಾಂವ ನಾ. ಅವನ ಮನ್ಯಾಗ ಹೆಣ್ಣು ಹೆಂಗ ಕೇಳ್ಲಿ?"

"ಹುಚ್ಚಾ..." ಮೊದಲ ಬಾರಿ ಅವಳು ಏಕವಚನದಲ್ಲಿ ಕರೆದಳು. "ಅವ ಉಳಿಸಿದ ಜೀವ ಅದು. ಅವನ ಮನಿಗಲ್ದ ಎಲ್ಲಿಗೆ ಹೋಗ್ತದ?"

"ಪ್ರಾಜೂ..."

"ಪದಕ ಬರದಿದ್ರ ನಡೀತದ. ನೀ ಬಾ."